ಹಿಟ್ಟಿನ ಕೋಳಿಯೂ ಕಾಗದದ ಗುರಿಯೂ



ಕಳೆದ ಮಹಾವೀರ ಜಯಂತಿಗೆ ಕೆಲವು ದಿನ ಮುಂಚೆ ನಮ್ಮ ಸಮಾಜದ ಸಭೆಯೊಂದರಲ್ಲಿ ಸಣ್ಣ ವಿಷಯವೊಂದು ದೊಡ್ಡ ಚರ್ಚೆಗೆ ಎಡೆಮಾಡಿತು. ಜಯಂತಿಯ ದಿನ ಸನ್ಮಾನಿಸಬೇಕಾದ ವಿದ್ಯಾರ್ಥಿಗಳ ಪಟ್ಟಿಯಲ್ಲಿ ನನ್ನ ಮೊಮ್ಮಗಳ ಹೆಸರೂ ಇದ್ದಿತು. ಆಕೆ ಶಾಲಾ ಮಕ್ಕಳ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಪದಕ ಪಡೆದಿದ್ದಳು. ಪಟ್ಟಿ ಓದಿ ಮುಗಿಯುತ್ತಲೇ ಹಿರಿಯರೊಬ್ಬರು ಎದ್ದು ನಿಂತು, "ಅಹಿಂಸೆಯ ದಿನ ಪಿಸ್ತೂಲಿಗೆ ಹಾರ ಹಾಕುವುದೇ?" ಎಂದು ಕೇಳಿದರು. ಪ್ರಶ್ನೆಯಲ್ಲಿ ದ್ವೇಷವಿರಲಿಲ್ಲ, ನಿಜವಾದ ನೋವಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಶಾಸ್ತ್ರಾಧಾರದಿಂದ ಹತ್ತು ನಿಮಿಷ ಮಾತನಾಡಿದೆ. ಸಭೆ ಒಪ್ಪಿತು.

ಆ ರಾತ್ರಿ ಮೊಮ್ಮಗಳು ಕೇಳಿದಳು: "ಅಜ್ಜಾ, ಆ ದಿವಸ ನೀವು ಪಿಸ್ತೂಲು ಕೆಳಗಿಟ್ಟು ಎದ್ದು ಬಂದಿರಲ್ಲ, ಅದನ್ನೂ ಹೇಳಿದಿರೇನು?"

ಹೇಳಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ನಾನು ವೃತ್ತಿಯಿಂದ ವ್ಯಾಪಾರಿ. ಬೀಜ, ಗೊಬ್ಬರ, ಔಷಧಿ, ಜೊತೆಗೆ ಬೆಲ್ಲದ ವಹಿವಾಟು. ಓದಿದ್ದು ಬಿ.ಕಾಂ. ಸ್ವಾಧ್ಯಾಯ ಹಿರಿಯರಿಂದ ಬಂದದ್ದು. ನಮ್ಮ ಬೇಡಕಿಹಾಳದ ನೆರೆಯಲ್ಲಿ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮವಿದೆ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಜನಿಸಿದ ಸದಲಗಾ ಕೂಡ ದೂರವಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆ ನಮ್ಮದು. ಆ ಮನೆಯೊಳಗೆ ಪಿಸ್ತೂಲಿನ ಮಾತು ಬಂದದ್ದು ಪಶ್ಚಿಮದ ದಿಕ್ಕಿನಿಂದ.

ಕೊಲ್ಹಾಪುರವೆಂದರೆ ನಮ್ಮ ಭಾಗದ ಜನರಿಗೆ ಕುಸ್ತಿಯ ಊರು. ಈಚಿನ ವರ್ಷಗಳಲ್ಲಿ ಅದು ಗುರಿಕಾರರ ಊರೂ ಆಗಿದೆ. ಅಲ್ಲಿಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ ನಗರದಲ್ಲಿ ರೈಫಲ್ ವಿಭಾಗದ ವಿಶ್ವವಿಜೇತೆಯಾದರು. ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡೆಗಳಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಸ್ವರ್ಣ ಪಡೆದರು. 2024ರ ಆಗಸ್ಟ್ 1ರಂದು ಅದೇ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದಾಗ ನಮ್ಮ ಮನೆಯ ದೂರದರ್ಶನದ ಮುಂದೆ ಕುಳಿತಿದ್ದ ಮೊಮ್ಮಗಳು, "ನಮ್ಮಂಥ ಹಳ್ಳಿಯವರೇ ಅಲ್ಲವೇ ಅಜ್ಜಾ" ಎಂದಳು. ಅದಕ್ಕೂ ಕೆಲವೇ ದಿನ ಮೊದಲು ಹರಿಯಾಣದ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಪಡೆದಿದ್ದಳು. ಆ ಎರಡು ಪದಕಗಳ ನಡುವೆ ನಮ್ಮ ಹುಡುಗಿಯ ಮನಸ್ಸು ನಿಶ್ಚಯವಾಗಿ ಹೋಗಿತ್ತು.

ನಾನು ಮೂರು ತಿಂಗಳು ಬೇಡವೆಂದೆ. ಆಮೇಲೆ ಅವಳ ತಂದೆ ಒಪ್ಪಿದ. ಆದರೆ ಅಂಗಡಿ ಬಿಟ್ಟು ಬರುವ ಪುರಸತ್ತು ಅವನಿಗಿಲ್ಲ. ಹೀಗಾಗಿ ಪ್ರತಿ ರವಿವಾರ ಅವಳನ್ನು ಕೊಲ್ಹಾಪುರದ ಒಂದು ಕ್ಲಬ್ಬಿಗೆ ಕರೆದೊಯ್ಯುವ ಕೆಲಸ, ವಿರೋಧಿಸಿದ ನನ್ನ ಪಾಲಿಗೇ ಬಂದಿತು. ಕೆಲವು ವಾರ ಸ್ವಾಧ್ಯಾಯದ ಪುಸ್ತಕ ಹಿಡಿದು ಬೆಂಚಿನ ಮೇಲೆ ಕುಳಿತೆ. ಒಂದು ದಿನ ತರಬೇತುದಾರರು, "ಬರಿದೇ ಏಕೆ ಕೂಡುತ್ತೀರಿ, ಒಮ್ಮೆ ಹಿಡಿದು ನೋಡಿರಿ" ಎಂದರು. ನಿಷೇಧಿಸುವ ಮೊದಲು ವಸ್ತುವನ್ನು ಅರಿಯಬೇಕೆಂಬ ನೆವದಿಂದ ಹಿಡಿದೆ. ನಿಜ ಹೇಳಬೇಕೆಂದರೆ ಕುತೂಹಲವೂ ಇತ್ತು.

ಈ ಕ್ರೀಡೆಯನ್ನು ಕಾಣದವರಿಗಾಗಿ ನಾಲ್ಕು ಮಾತು. ಏರ್ ಪಿಸ್ತೂಲಿನಲ್ಲಿ ಮದ್ದು ಇಲ್ಲ, ಬೆಂಕಿ ಇಲ್ಲ. ಒತ್ತಿದ ಗಾಳಿಯೇ ಅದರ ಬಲ. ಅರ್ಧ ಗ್ರಾಮಿನಷ್ಟು ತೂಗುವ, 4.5 ಮಿಲಿಮೀಟರ್ ವ್ಯಾಸದ ಸೀಸದ ಗುಂಡು. ಈ ಅಳತೆಯ, ಕಡಿಮೆ ಶಕ್ತಿಯ ಗಾಳಿ ಪಿಸ್ತೂಲಿಗೆ 2016ರ ಆಯುಧ ನಿಯಮಗಳಂತೆ ಪರವಾನಿಗೆ ಬೇಕಿಲ್ಲ. ಪಿಸ್ತೂಲಿನ ತೂಕ ಒಂದೂವರೆ ಕಿಲೋ ಮೀರಬಾರದು. ಅದನ್ನು ಒಂದೇ ಕೈಯಿಂದ ಹಿಡಿಯಬೇಕು. 10 ಮೀಟರ್ ದೂರದಲ್ಲಿ 17 ಸೆಂಟಿಮೀಟರ್ ಚೌಕದ ಕಾಗದ, ಅದರ ನಡುವೆ ಕಪ್ಪು ವೃತ್ತ. ಹತ್ತು ಅಂಕದ ಒಳವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಸ್ಪರ್ಧೆಯಲ್ಲಿ 75 ನಿಮಿಷದೊಳಗೆ 60 ಗುಂಡು ಹೊಡೆಯಬೇಕು. ನನ್ನ ಮೊದಲ ಹತ್ತರಲ್ಲಿ ನಾಲ್ಕು ಕಾಗದಕ್ಕೇ ತಾಗಲಿಲ್ಲ.

ಮೊದಲ ತಿಂಗಳು ಗುಂಡಿಗಿಂತ ನಿಯಮಗಳ ಪಾಠವೇ ಹೆಚ್ಚು. ಪಿಸ್ತೂಲಿನ ಮೂತಿ ಸದಾ ಗುರಿಯ ಗೋಡೆಯ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯನ್ನು ಮುಟ್ಟಕೂಡದು. ಯಾರಾದರೂ ಗೆರೆ ದಾಟಿ ಮುಂದೆ ಹೋದರೆ ಎಲ್ಲರೂ ಆಯುಧ ಕೆಳಗಿಟ್ಟು ಹಿಂದೆ ಸರಿಯಬೇಕು. ಆಯುಧ ಖಾಲಿ ಇದೆಯೆಂದು ಮಾತಿನಿಂದ ಹೇಳಿದರೆ ಸಾಲದು, ನಳಿಗೆಯಲ್ಲಿ ಬಣ್ಣದ ದಾರ ತೂರಿಸಿ ತೋರಿಸಬೇಕು. ಕೊನೆಗೆ ಸೀಸ ಮುಟ್ಟಿದ ಕೈಗಳನ್ನು ತೊಳೆದ ಮೇಲೆಯೇ ನೀರು, ಆಹಾರ. ಇದನ್ನೆಲ್ಲ ಕೇಳುವಾಗ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿ ನೆನಪಾಯಿತು. ಒಂದು ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ, ಎಚ್ಚರದಿಂದ ಎತ್ತಿ ಇಡುವ ವ್ರತ. ಮುನಿಗಳು ಕಮಂಡಲವನ್ನು ಇಡುವ ಜಾಗರೂಕತೆಗೂ ಇದಕ್ಕೂ ಹೋಲಿಕೆ ಕಟ್ಟುವ ಧೈರ್ಯ ನನಗಿಲ್ಲ. ಆದರೆ ಅರವತ್ತು ದಾಟಿದ ನಾನು ಯಾವುದಾದರೂ ವಸ್ತುವನ್ನು ಇಷ್ಟು ಎಚ್ಚರದಿಂದ ಕೆಳಗಿಟ್ಟದ್ದು ಅಲ್ಲಿಯೇ ಮೊದಲು.

ಇನ್ನೊಂದು ಪಾಠ ಕಣ್ಣಿನದು. ಹಿಂದಿನ ಕಚ್ಚು, ಮುಂದಿನ ಕಡ್ಡಿ, ದೂರದ ಗುರಿ, ಈ ಮೂರನ್ನೂ ಒಮ್ಮೆಲೇ ಸ್ಪಷ್ಟವಾಗಿ ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಮುಂದಿನ ಕಡ್ಡಿಯನ್ನು ಸ್ಪಷ್ಟವಾಗಿ ನೋಡಬೇಕು. ಗುರಿ ಮಬ್ಬಾಗಿಯೇ ಇರಲಿ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿದೆ. ಕೈ ಇಡಿಯಾಗಿ ಒಂದು ಮಿಲಿಮೀಟರ್ ಅಲುಗಿದರೆ ಗುಂಡು ಅಷ್ಟೇ ಸರಿಯುತ್ತದೆ. ಆದರೆ ಕಚ್ಚಿನಲ್ಲಿ ಕಡ್ಡಿ ಒಂದು ಮಿಲಿಮೀಟರ್ ಓರೆಯಾದರೆ ಗುಂಡು ಸುಮಾರು 30 ಮಿಲಿಮೀಟರ್ ದೂರ ಬೀಳುತ್ತದೆ. ಹತ್ತು ಹೋಗಿ ಏಳಾಗುತ್ತದೆ. ಹೀಗಾಗಿ ಮುದುಕನ ಕೈನಡುಕ ಇಲ್ಲಿ ದೊಡ್ಡ ದೋಷವಲ್ಲ. ನಡುಕವನ್ನು ಮುಚ್ಚಲು ಬೆರಳು ಆತುರದಿಂದ ಸೆಳೆಯುತ್ತದಲ್ಲ, ಅದು ದೋಷ. ನನ್ನ ಹತ್ತು ಗುಂಡುಗಳ ಮೊತ್ತ ನಿಧಾನವಾಗಿ ಏರಿ 70ರ ಆಸುಪಾಸಿಗೆ ಬಂದಿತು. ರವಿವಾರಕ್ಕಾಗಿ ಕಾಯುವವನಾದೆ.

ಈಗ ಸಭೆಯಲ್ಲಿ ಹೇಳದ ಮಾತು.

ಹಲವು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರು ನನ್ನಿಂದ ಬೆಲ್ಲ ಉದ್ರಿ ಒಯ್ದು, ಅಂಗಡಿ ಮುಚ್ಚಿ ಊರು ಬಿಟ್ಟರು. ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ. ವಾಣಿಜ್ಯ ಪದವೀಧರನಾದ ನಾನು ಅದನ್ನು ವಸೂಲಾಗದ ಸಾಲವೆಂದು ಖಾತೆಯಿಂದ ಆಗಲೇ ತೆಗೆದು ಹಾಕಿದ್ದೆ. ಆದರೆ ಮನಸ್ಸಿನ ವಹಿಯಲ್ಲಿ ಆ ಬಾಕಿಯನ್ನು ಪ್ರತಿವರ್ಷ ಮುಂದಕ್ಕೆ ತಂದು ಬರೆಯುತ್ತಲೇ ಇದ್ದೆ. ಒಂದು ರವಿವಾರ ಬಸ್ಸಿನಲ್ಲಿ ಪರಿಚಯಸ್ಥರೊಬ್ಬರು ಆ ಮನುಷ್ಯ ಹೊಸ ಮನೆ ಕಟ್ಟಿಸಿದ ಸುದ್ದಿ ಹೇಳಿದರು. ಕ್ಲಬ್ಬಿಗೆ ಹೋಗಿ ಕೈ ಎತ್ತಿದಾಗ, ಮಬ್ಬಾಗಿ ಕಾಣಬೇಕಾದ ಕಪ್ಪು ವೃತ್ತ ಮಬ್ಬಾಗಿರಲಿಲ್ಲ. ಅಲ್ಲಿ ಅವನ ಮುಖವಿತ್ತು. ಅದು ತಾನಾಗಿ ಬಂದಿತೆಂದು ಹೇಳಲಾರೆ. ನಾನೇ ತಂದು ಇಟ್ಟೆ. ಬೆರಳು ಎಂದೂ ಇಲ್ಲದಷ್ಟು ನಿಧಾನವಾಗಿ, ನಯವಾಗಿ ಹಿಂದಕ್ಕೆ ಸರಿಯಿತು. ಗುಂಡು ಹತ್ತರ ವೃತ್ತವನ್ನು ತೂರಿತು. ಅದು ನನ್ನ ಮೊದಲ ಹತ್ತು. ಹಿಂದಿನಿಂದ ತರಬೇತುದಾರರು ಚಪ್ಪಾಳೆ ತಟ್ಟಿದರು.

ಪಿಸ್ತೂಲನ್ನು ಕೆಳಗಿಟ್ಟು ಹೊರಗೆ ಬಂದೆ. ಮೊಮ್ಮಗಳು ಮೈ ಸರಿಯಿಲ್ಲವೇ ಎಂದಳು. ಹೌದೆಂದೆ. ಏಳು ವಾರ ಅದನ್ನು ಮುಟ್ಟಲಿಲ್ಲ.

ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಯಶೋಧರ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವಬಲಿ ಕೊಡಲಾರದೆ, ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿ ಕೊಡುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ಪಶು-ಪಕ್ಷಿಗಳಾಗಿ ಜನ್ಮಾಂತರಗಳಲ್ಲಿ ತೊಳಲುತ್ತಾರೆ. ಬಾಲ್ಯದಲ್ಲಿ ನನಗೆ ಈ ಶಿಕ್ಷೆ ಅತಿಯಾಯಿತೆನಿಸುತ್ತಿತ್ತು, ಹಿಟ್ಟಿಗೆ ಜೀವವೆಲ್ಲಿದೆ? ಆ ರವಿವಾರ ಅರ್ಥವಾಯಿತು. ಜೀವ ಹಿಟ್ಟಿನಲ್ಲಿರಲಿಲ್ಲ, ಕೊಲ್ಲುವೆನೆಂಬ ಭಾವ ರಾಜನಲ್ಲಿತ್ತು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಗಿಂತ ಮುಂಚೆ ಪ್ರಮತ್ತಯೋಗವನ್ನು ಇಟ್ಟಿರುವುದು ಸುಮ್ಮನೆ ಅಲ್ಲ.

ಸಭೆಯಲ್ಲಿ ನಾನು ಹೇಳಿದ್ದೂ ಇದೇ ಶಾಸ್ತ್ರ, ಆದರೆ ಅರ್ಧ. ಗುರಿಯ ಕಾಗದ ಯಾವ ಜೀವಿಯ ಪ್ರತಿಮೆಯೂ ಅಲ್ಲ, ಅಂಕ ಬರೆದ ವೃತ್ತ ಮಾತ್ರ. ಆದ್ದರಿಂದ ಅಲ್ಲಿ ಸಂಕಲ್ಪಹಿಂಸೆ ಇಲ್ಲ ಎಂದಿದ್ದೆ. ಅದು ನನ್ನ ಮೊಮ್ಮಗಳ ಮಟ್ಟಿಗೆ ಸತ್ಯ. ಒಮ್ಮೆ ಅವಳ ಕಾಗದದ ಮೇಲೆ ಪತಂಗವೊಂದು ಬಂದು ಕುಳಿತಾಗ, ಯಾರೂ ಹೇಳದೆ ಅವಳು ಪಿಸ್ತೂಲು ಕೆಳಗಿಟ್ಟು, ಅದು ಹಾರಿಹೋಗುವವರೆಗೆ ಸುಮ್ಮನೆ ನಿಂತದ್ದನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಆ ಒಂದು ಗುಂಡಿನಲ್ಲಿ ಕಾಗದವೇ ಹಿಟ್ಟಿನ ಕೋಳಿಯಾಗಿತ್ತು. ಒಂದೇ ಕೋಣೆ, ಒಂದೇ ಪಿಸ್ತೂಲು, ಒಂದೇ ವೃತ್ತ. ಕರ್ಮಬಂಧ ಮಾತ್ರ ಬೇರೆ.

ಚಾವುಂಡರಾಯನ ಹೆಸರನ್ನು ಇಲ್ಲಿ ತರುವುದು ಸುಲಭ. ಕತ್ತಿ ಹಿಡಿದ ಸೇನಾನಿಯೇ ಗೊಮ್ಮಟೇಶ್ವರನನ್ನು ನಿಲ್ಲಿಸಲಿಲ್ಲವೇ ಎಂದು ಸಭೆಯಲ್ಲಿ ಒಬ್ಬರು ನನ್ನ ಪರವಾಗಿ ಕೇಳಿದರು. ಆದರೆ ಅವನದು ರಾಜ್ಯರಕ್ಷಣೆಯ ಹೊಣೆ, ವಿರೋಧೀ ಹಿಂಸೆಯ ವಿಚಾರ. ನಮ್ಮದು ವಿನೋದ. ಹೊಣೆಗೆ ಇರುವ ರಿಯಾಯಿತಿಯನ್ನು ವಿನೋದಕ್ಕೆ ಕೇಳುವುದು ಸಲ್ಲದು. ನಮಗೆ ಅನ್ವಯಿಸುವುದು ಅನರ್ಥದಂಡ ವಿರತಿ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ದ್ವೇಷದಿಂದ ಪರರ ವಧೆ, ಬಂಧನಗಳನ್ನು ಚಿಂತಿಸುವ ಅಪಧ್ಯಾನವೂ ಒಂದು. ನನ್ನ ಮೊದಲ ಹತ್ತಕ್ಕೆ ಶಾಸ್ತ್ರ ಕೊಡುವ ಹೆಸರು ಅದೇ.

ಅದೇ ಐದರಲ್ಲಿ ಹಿಂಸಾದಾನವೂ ಇದೆ: ಕೊಲ್ಲುವ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಆಚಾರ್ಯರು ಆ ಸಾಧನಗಳನ್ನು ಎಣಿಸುವಾಗ ಕೊಡಲಿ, ಖಡ್ಗ, ಆಯುಧಗಳ ಸಾಲಿನಲ್ಲಿಯೇ ವಿಷವನ್ನೂ ಸೇರಿಸಿದ್ದಾರೆ. ಇಲ್ಲಿ ನನ್ನ ಲೇಖನಿ ತಡೆಯಿತು. ಮೂವತ್ತು ವರ್ಷಗಳಿಂದ ನನ್ನ ಅಂಗಡಿಯ ಒಂದು ಕಪಾಟಿನಲ್ಲಿ ಕೀಟನಾಶಕಗಳಿವೆ. 2011ರಲ್ಲಿ ನಿಷೇಧವಾಗುವವರೆಗೂ ಎಂಡೋಸಲ್ಫಾನ್ ಸಹ ಮಾರಿದ್ದೇನೆ. ಆ ಹಣದ ಒಂದು ಪಾಲು ಪೂಜೆಗೆ, ಪಾಠಶಾಲೆಗೆ ಹೋಗಿದೆ. ನನಗೂ ಅನೇಕ ಸಲ ಹಾರ ಬಿದ್ದಿದೆ. ಮಹಾವೀರ ಜಯಂತಿಯ ದಿನ ವಿಷಕ್ಕೆ ಹಾರವೇ ಎಂದು ಯಾರೂ ಎದ್ದು ಕೇಳಲಿಲ್ಲ. ಪಿಸ್ತೂಲು ಕಣ್ಣಿಗೆ ಆಯುಧದಂತೆ ಕಾಣುತ್ತದೆ, ಡಬ್ಬಿ ಕಾಣುವುದಿಲ್ಲ. ಕೃಷಿಕನಿಗೆ ಅದು ಬೇಕು ಎಂಬ ಸಮಾಧಾನ ನನ್ನ ಬಳಿ ಇದೆ, ಅದು ಪೂರ್ಣ ಸುಳ್ಳೂ ಅಲ್ಲ. ಆದರೆ ಕಾಗದಕ್ಕೆ ಗುರಿಯಿಟ್ಟ ಬಾಲಿಕೆಯನ್ನು ಪ್ರಶ್ನಿಸಿದ ಸಭೆಯಲ್ಲಿ ನಾನು ಪ್ರಶ್ನಾತೀತನಾಗಿ ಕುಳಿತಿದ್ದೆನೆಂಬುದು ಈಗಲೂ ಚುಚ್ಚುತ್ತದೆ.

ಏಳು ವಾರಗಳ ನಡುವೆ ದಶಲಕ್ಷಣ ಪರ್ವ ಬಂದಿತು. ಕ್ಷಮಾವಾಣಿಯ ದಿನ ಆ ಸಾಲಗಾರರಿಗೆ ಪತ್ರ ಬರೆದೆ: ಬಾಕಿ ಮುಗಿಯಿತು, ನಿಮ್ಮ ವಿಷಯದಲ್ಲಿ ಕೆಟ್ಟದ್ದನ್ನು ಯೋಚಿಸಿದ್ದೇನೆ, ಕ್ಷಮಿಸಿರಿ. ಉತ್ತರ ಬರಲಿಲ್ಲ. ಬರಬೇಕೆಂಬ ನಿರೀಕ್ಷೆ ಬಿಡಲು ಇನ್ನೂ ಹಲವು ದಿನ ಬೇಕಾದವು. ಆಮೇಲೆ ಕ್ಲಬ್ಬಿಗೆ ಮರಳಿದೆ. ಮನೆಯಲ್ಲಿ ಮೂರು ನಿಯಮ ಮಾಡಿಕೊಂಡೆವು: ಮನುಷ್ಯ ಅಥವಾ ಪ್ರಾಣಿಯ ಆಕೃತಿಯಿರುವ ಗುರಿಗೆ ಎಂದಿಗೂ ಹೊಡೆಯುವುದಿಲ್ಲ, ಕ್ಲಬ್ಬಿನ ಹೊರಗೆ ಪಿಸ್ತೂಲು ಮುಟ್ಟುವುದಿಲ್ಲ, ಸಿಟ್ಟು ಬಂದ ದಿನ ಹೋಗುವುದಿಲ್ಲ. ಮೂರನೆಯ ನಿಯಮದಿಂದಾಗಿ ನಾನು ಕೆಲವು ರವಿವಾರ ತಪ್ಪಿಸಿಕೊಂಡಿದ್ದೇನೆ. ಅವಳು ಒಂದನ್ನೂ ತಪ್ಪಿಸಿಲ್ಲ.

ನನ್ನ ಅಭ್ಯಾಸದ ಕಾಗದಗಳಲ್ಲಿ ಆ ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅನಂತರ ಹತ್ತು ಎರಡು ಸಲ ಬಿದ್ದಿದೆ. ಆಗ ವೃತ್ತದಲ್ಲಿ ಯಾರೂ ಇರಲಿಲ್ಲ. ಬರುವ ದೀಪಾವಳಿಯ ವಹಿಪೂಜೆಯಿಂದ ಆ ಕಪಾಟಿನ ಲೆಕ್ಕ ಮುಚ್ಚಬೇಕೆಂದು ಮಗನಿಗೆ ಹೇಳಿದ್ದೇನೆ. ಅವನು ಹಾನಿಯ ಅಂಕಿ ತೋರಿಸಿದ್ದಾನೆ. ಅಂಕಿ ಸರಿಯಾಗಿದೆ. ತೀರ್ಮಾನ ಇನ್ನೂ ಆಗಿಲ್ಲ. ಆದಾಗ ಅದನ್ನೂ ಮೊಮ್ಮಗಳಿಗೆ ಹೇಳಬೇಕಾಗುತ್ತದೆ, ಏಕೆಂದರೆ ಅವಳು ಕೇಳುತ್ತಾಳೆ.