ಮುಗಿದದ್ದು, ಮುಗಿಯದ್ದು

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಅವಳು ಈಗ ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ನರ್ಸ್. ವಾರದ ರಜೆ ಬಂದರೆ ಸುಮಾರು 200 ಕಿಲೋಮೀಟರ್ ರೈಲಿನಲ್ಲಿ ಕೊಚ್ಚಿಗೆ ಹೋಗಿ, ಓಇಟಿ ತರಗತಿಯಲ್ಲಿ ಕೂತು, ರಾತ್ರಿ ಹಿಂದಿರುಗುತ್ತಾಳೆ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟ ನರ್ಸುಗಳು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ರೋಗಿಯ ಟಿಪ್ಪಣಿ ಓದಲು 5 ನಿಮಿಷ. ಮುಂದೆ ಆರೈಕೆ ಮಾಡುವವರಿಗೆ ಪತ್ರ ಬರೆಯಲು 40 ನಿಮಿಷ.

ಅವಳ ಮೊದಲ ಪತ್ರದಲ್ಲಿ ಒಂದು ವಾಕ್ಯವಿತ್ತು: ‘ಹಿ ಈಸ್ ಟೇಕಿಂಗ್ ವಾರ್ಫರಿನ್ ಸಿನ್ಸ್ ತ್ರೀ ಇಯರ್ಸ್.’ ‘ಮೂರು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ’ ಎಂಬ ಕನ್ನಡವೇ ಇಂಗ್ಲಿಷ್ ಅಂಗಿ ತೊಟ್ಟಿತ್ತು. ಕೆಂಪು ಗೆರೆ ಬಿತ್ತು. ಮುಂದಿನ ವಾರ ಎಚ್ಚರದಿಂದ ಬರೆದಳು: ‘ಹಿ ಟುಕ್ ವಾರ್ಫರಿನ್ ಫಾರ್ ತ್ರೀ ಇಯರ್ಸ್.’ ವ್ಯಾಕರಣದ ತಪ್ಪು ಒಂದೂ ಇಲ್ಲ. ಶಿಕ್ಷಕಿ ಮಾತ್ರ ಕೇಳಿದರು: ‘ಹಾಗಾದರೆ ಮಾತ್ರೆ ನಿಲ್ಲಿಸಿದವರು ಯಾರು?’

ಅವಳು ಬೆಚ್ಚಿದಳು. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ಅದು ನಿಂತಿದೆಯೆಂದು ತಿಳಿದು ಯಾರಾದರೂ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೊದಲ ವಾಕ್ಯ ತಪ್ಪಾಗಿದ್ದರೂ ನಿಜ ಹೇಳಿತ್ತು. ಎರಡನೆಯದು ಶುದ್ಧವಾಗಿದ್ದು ಸುಳ್ಳು ಹೇಳಿತು. ಬೇಕಿದ್ದದ್ದು ‘ಹ್ಯಾಸ್ ಬೀನ್ ಟೇಕಿಂಗ್’. ಆಗ ಶುರುವಾದದ್ದು ಈ ಕ್ಷಣಕ್ಕೂ ಮುಂದುವರಿದಿದೆ ಎನ್ನುವುದು ಆ ‘ಹ್ಯಾಸ್’.

ಹಿಂದಿರುಗುವ ರೈಲಿನಲ್ಲಿ ಅವಳಿಗೆ ಹೊಳೆಯಿತು: ಇದು ಅಷ್ಟೇನೂ ಪರಕೀಯವಲ್ಲ. ‘ಬಂದ’ ಎಂದರೆ ಮುಗಿಯಿತು. ‘ಬಂದಿದ್ದಾನೆ’ ಎಂದರೆ ಬಂದು ಇದ್ದಾನೆ, ಕಾಫಿಗೆ ನೀರಿಡಬೇಕು. ಮಲಯಾಳದ ‘ವನ್ನಿಟ್ಟುಂಡ್’ನ ಬಾಲದಲ್ಲೂ ಇರುವುದು ‘ಉಂಟು’ವೇ. ಪ್ರೆಸೆಂಟ್ ಪರ್ಫೆಕ್ಟ್‌ನ ‘ಪ್ರೆಸೆಂಟ್’ ಅದೇ.

ಆದರೆ ದಾರಿಗಳು ಎರಡು ಕಡೆ ಕವಲೊಡೆಯುತ್ತವೆ. ‘ನಿನ್ನೆಯೇ ಹೇಳಿದ್ದೇನೆ’ ಎಂದರೆ ಕನ್ನಡಕ್ಕೆ ಒಪ್ಪಿಗೆ. ಇಂಗ್ಲಿಷಿನಲ್ಲಿ ‘ನಿನ್ನೆ’ ಬಂದರೆ ‘ಹ್ಯಾವ್’ ಹೊರಗೆ, ‘ಟೋಲ್ಡ್’ ಸಾಕು. ಇನ್ನು ‘ಮೂರು ವರ್ಷದಿಂದ’ ನಡೆಯುತ್ತಿರುವುದಕ್ಕೆ ಕನ್ನಡ ವರ್ತಮಾನವನ್ನೇ ಬಳಸುತ್ತದೆ; ಇಂಗ್ಲಿಷ್ ಅಲ್ಲಿ ‘ಹ್ಯಾಸ್ ಬೀನ್’ ಬೇಡುತ್ತದೆ. ‘ಸಿನ್ಸ್’ ಶುರುವಾದ ಗಳಿಗೆಗೆ, ‘ಫಾರ್’ ಅವಧಿಯ ಉದ್ದಕ್ಕೆ.

ಮರುದಿನ ವಾರ್ಡಿನಲ್ಲಿ ಹಿಂದಿನ ಪಾಳಿಯವರ ಟಿಪ್ಪಣಿ ಕೈಗೆ ಬಂತು: ರೋಗಿ ಎರಡು ವರ್ಷ ಇನ್ಸುಲಿನ್ ‘ಟುಕ್’. ಅವಳು ಮುಂದೆ ಓದಲಿಲ್ಲ. ಹಾಸಿಗೆಯ ಬಳಿ ಹೋಗಿ ಕೇಳಿದಳು: ‘ಈಗಲೂ ತೆಗೆದುಕೊಳ್ಳುತ್ತಿದ್ದೀರಾ?’