ಪಕ್ಕದ ಮನೆಯ ಚೇಚಿ

ನಾನು ಸೊಸೆಯಾಗಿ ಬಂದ ನರಸಿಂಹರಾಜಪುರದಲ್ಲಿ ಪಕ್ಕದ ಮನೆಯವರೂ ಕಥೋಲಿಕರೇ. ಆದರೆ ನಮ್ಮದು ಮಂಗಳೂರು ಕಡೆಯ ಕೊಂಕಣಿ, ಲ್ಯಾಟಿನ್ ಪದ್ಧತಿ. ಚೇಚಿಯವರದು ಕೇರಳದಿಂದ ರಬ್ಬರ್ ಬೆಳೆಯಲು ಬಂದವರ ಮಲಯಾಳ, ಸಿರಿಯನ್ ಪದ್ಧತಿ. ಪೋಪ್ ಒಬ್ಬರೇ, ಇಗರ್ಜಿ ಬೇರೆ. 2007ರಲ್ಲಿ ಭದ್ರಾವತಿಯಲ್ಲಿ ಅವರ ಸಿರೋ ಮಲಬಾರ್ ಧರ್ಮಪ್ರಾಂತ್ಯವೂ ಆಯಿತು. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಆಸೆ ಯಾರಿಗಿಲ್ಲ ಹೇಳಿ?

ಕ್ರಿಸ್‌ಮಸ್ಸಿಗೆ ನಮ್ಮ ಕುಸ್ವಾರ್ ಅಲ್ಲಿಗೆ, ಅವರ ಅಪ್ಪಂ ಇಲ್ಲಿಗೆ. ಅಷ್ಟು ಸುಲಭ. ಚೇಚಿ ತಮ್ಮ ಮಗನಿಗೆ ನನ್ನ ನಾದಿನಿಯನ್ನು ಕೇಳಿದಾಗ ಮಾತ್ರ ಅತ್ತೆ, “ಅವರು ಬೇರೆ ಜನ” ಅಂದುಬಿಟ್ಟರು. ಕೊಪ್ಪ, ಶೃಂಗೇರಿಯ ನಂಟರೂ ಹೌದೆಂದರು. ದೇವರನ್ನು ತಂದೆ ಎಂದು ಕರೆಯುವ ನಮಗೆ ಅವನ ಮಕ್ಕಳು ಬೇರೆ ಜನವಾಗುವುದು ಹೇಗೋ!

ಅತ್ತೆ ಹಾಸಿಗೆ ಹಿಡಿದಾಗ ರಾತ್ರಿಯೆಲ್ಲ ಕೂತವರು ಅದೇ ಚೇಚಿ. ಅವರು ಮಲಯಾಳದಲ್ಲಿ, ನಾನು ಕೊಂಕಣಿಯಲ್ಲಿ ಜಪಸರ ಹೇಳಿದೆವು. ಅತ್ತೆ ಎರಡಕ್ಕೂ ‘ಆಮೆನ್’ ಎಂದರು.