ಮಾರಿಯೊ ಯಾವ ಸೀಮೆಯವನು?

ಟೋಕಿಯೊ ನಗರದ ನಡುಭಾಗದಲ್ಲಿ ಕಾಂಡಾ ನದಿಯ ಸೇತುವೆ ದಾಟಿದೊಡನೆ ಎದುರಾಗುವ ಬೀದಿಗಳನ್ನು ಅಲ್ಲಿಯ ಜನ 'ಡೆಂಕಿ ಗಾಯ್' ಎಂದು ಕರೆಯುತ್ತಾರೆ. ವಿದ್ಯುತ್ ಪೇಟೆ ಎಂದು ಅದರ ಅರ್ಥ. ನಕ್ಷೆಯಲ್ಲಿ ಈ ಪ್ರದೇಶದ ಹೆಸರು ಅಕಿಹಬಾರ. ರೈಲು ನಿಲ್ದಾಣದ ಒಂದು ದ್ವಾರಕ್ಕೂ ವಿದ್ಯುತ್ ಪೇಟೆಯ ಹೆಸರೇ ಇದೆ. ಅಲ್ಲಿಂದ ಹೊರಬಂದರೆ ಆರೇಳು ಮಹಡಿಗಳ ಕಟ್ಟಡಗಳು ನೆಲದಿಂದ ತುದಿಯವರೆಗೆ ಬಣ್ಣದ ಫಲಕಗಳನ್ನು ಹೊದ್ದು ನಿಂತಿರುತ್ತವೆ. ಭಾನುವಾರ ಮಧ್ಯಾಹ್ನ ಚುವೊ ದೋರಿ ಎಂಬ ಹೆದ್ದಾರಿಯಲ್ಲಿ ವಾಹನಗಳನ್ನು ತಡೆದು, ಇಡೀ ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಡುತ್ತಾರೆ.

ಹೆಸರಿನ ಹಿಂದೆ ಬೆಂಕಿಯ ಕತೆಯಿದೆ. 1869ರಲ್ಲಿ ಇಲ್ಲಿ ದೊಡ್ಡ ಅಗ್ನಿ ಅನಾಹುತವಾಯಿತು. ಸುಟ್ಟ ಜಾಗವನ್ನು ಬಯಲಾಗಿಯೇ ಉಳಿಸಿ, ಮರುವರ್ಷ ಅಲ್ಲೊಂದು ಅಗ್ನಿಶಮನದ ಗುಡಿ ಕಟ್ಟಲಾಯಿತು. ಬೆಂಕಿಯಿಂದ ಕಾಯುವ ದೇವತೆ ಅಕಿಬಾನೇ ಇಲ್ಲಿ ನೆಲೆಸಿದ್ದಾನೆಂದು ಜನ ನಂಬಿದರು. ಬಯಲಿಗೆ ಅವನ ಹೆಸರೇ ನಿಂತಿತು. ನಿಲ್ದಾಣ ಬಂದದ್ದು 1890ರಲ್ಲಿ, ಅದೂ ಸರಕು ಸಾಗಣೆಗೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರೇಡಿಯೊ ಬಿಡಿಭಾಗಗಳ ತಳ್ಳುಗಾಡಿಗಳು ಬೀದಿಯಲ್ಲಿ ಸಾಲುಗಟ್ಟಿದವು. ಹತ್ತಿರದ ತಾಂತ್ರಿಕ ಶಾಲೆಯ ಹುಡುಗರು ಇಲ್ಲಿಂದ ವಾಲ್ವ್‌ಗಳನ್ನು ಕೊಂಡೊಯ್ದು ರೇಡಿಯೊ ಜೋಡಿಸಿ ಮಾರುತ್ತಿದ್ದರು. 1949ರಲ್ಲಿ ಬೀದಿ ಅಂಗಡಿಗಳನ್ನು ತೆಗೆಯಬೇಕೆಂಬ ಆಜ್ಞೆ ಬಂದಾಗ ಆ ವ್ಯಾಪಾರಿಗಳಿಗೆ ರೈಲು ಹಳಿಯ ಕೆಳಗೆ ಜಾಗ ಸಿಕ್ಕಿತು. ಹೀಗೆ ಹುಟ್ಟಿದ 'ರೇಡಿಯೊ ಸೆಂಟರ್'ನಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು, ಅಷ್ಟು ಕಿರಿದಾದ ಓಣಿಗಳು. ರೆಸಿಸ್ಟರ್, ಸ್ವಿಚ್ಚು, ತಂತಿ, ಎಲ್‌ಇಡಿಗಳನ್ನು ಪುಟ್ಟ ಪುಟ್ಟ ಡಬ್ಬಿಗಳಲ್ಲಿ ತುಂಬಿಟ್ಟಿರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆ ಕಂಡವರಿಗೆ ಇದು ಪರಿಚಿತ ಲೋಕವೇ, ಗದ್ದಲವೊಂದು ಕಡಿಮೆ.

ಈ ಪೇಟೆಗೆ ಈಗ ಹೊರನಾಡಿನವರು ಹುಡುಕಿಕೊಂಡು ಬರುವುದು ರೆಸಿಸ್ಟರುಗಳಿಗಲ್ಲ, ಹಳೆಯ ವಿಡಿಯೊ ಆಟದ ಪೆಟ್ಟಿಗೆಗಳಿಗೆ. ಹೆದ್ದಾರಿಯ ಹಿಂದಿನ ಬೀದಿಯೊಂದರಲ್ಲಿ 'ಸೂಪರ್ ಪೊಟ್ಯಾಟೊ' ಎಂಬ ಅಂಗಡಿಯಿದೆ. ಇಕ್ಕಟ್ಟಾದ ಕಟ್ಟಡದ ಮೇಲಿನ ಮಹಡಿಗಳಲ್ಲಿ ಸೂರಿನವರೆಗೂ ಕ್ಯಾಸೆಟ್ಟುಗಳು. ಎಲ್ಲಕ್ಕಿಂತ ಮೇಲೆ ನಾಣ್ಯ ಹಾಕಿ ಆಡುವ ಹಳೆಯ ಯಂತ್ರಗಳ ಕೊಠಡಿ. ಇಂಥ ಅಂಗಡಿಗಳು ಅಕಿಹಬಾರದಲ್ಲಿ ಇನ್ನೂ ಹಲವು. ಕಪಾಟಿನ ಮುಂದೆ ನಿಂತ ಪ್ರವಾಸಿಗೆ ಏಳುವ ಪ್ರಶ್ನೆ ಮಾತ್ರ ಒಂದೇ: ಇಲ್ಲಿಯ ಪೆಟ್ಟಿಗೆ ಕೊಳ್ಳುವುದೋ, ಅದೇ ಪೆಟ್ಟಿಗೆಯ ಅಮೆರಿಕದ ಅಥವಾ ಯುರೋಪಿನ ರೂಪವನ್ನು ಬೇರೆಡೆ ಹುಡುಕುವುದೋ?

ನಿಂಟೆಂಡೊ ಸಂಸ್ಥೆ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿದ ಯಂತ್ರ 'ಫ್ಯಾಮಿಕಾಮ್'. ಬೆಲೆ 14,800 ಯೆನ್. ಮಸಾಯುಕಿ ಉಯೆಮುರಾ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಬಿಳಿ ಮತ್ತು ಕಡುಗೆಂಪು ಬಣ್ಣದ ಪೆಟ್ಟಿಗೆ ನೋಡಲು ಆಟಿಕೆಯಂತೆಯೇ ಇದೆ. 1985ರಲ್ಲಿ ನ್ಯೂಯಾರ್ಕಿಗೆ ಹೋದಾಗ ಅದು ವೇಷ ಮರೆಸಿಕೊಳ್ಳಬೇಕಾಯಿತು. ಎರಡು ವರ್ಷ ಹಿಂದಷ್ಟೇ ಅಮೆರಿಕದಲ್ಲಿ ವಿಡಿಯೊ ಆಟಗಳ ಮಾರುಕಟ್ಟೆ ಕುಸಿದಿತ್ತು. ಆಟದ ಪೆಟ್ಟಿಗೆ ಎಂದರೆ ವ್ಯಾಪಾರಿಗಳು ಬಾಗಿಲು ಹಾಕುತ್ತಿದ್ದರು. ಆದ್ದರಿಂದ ವಿ.ಸಿ.ಆರ್.ನಂತೆ ಮುಂದಿನಿಂದ ಕ್ಯಾಸೆಟ್ಟು ತೂರಿಸುವ ಬೂದು ಪೆಟ್ಟಿಗೆಯಾಗಿ, 'ಎನ್‌ಇಎಸ್' ಎಂಬ ಹೆಸರಿನಲ್ಲಿ ಅದು ಅಂಗಡಿ ಸೇರಿತು. ಆಮೇಲೆ ಯುರೋಪಿಗೂ ಅದೇ ಹೋಯಿತು. ಒಳಗಿನ ಬುದ್ಧಿ ಒಂದೇ, ಆದರೆ ಫ್ಯಾಮಿಕಾಮ್ ಕ್ಯಾಸೆಟ್ಟಿಗೆ 60 ಪಿನ್ನು, ಎನ್‌ಇಎಸ್‌ಗೆ 72. ಒಂದರದು ಇನ್ನೊಂದಕ್ಕೆ ಕೂರದು. ವಿ.ಸಿ.ಆರ್. ವೇಷಕ್ಕೂ ಬೆಲೆ ತೆರಬೇಕಾಯಿತು: ಕ್ಯಾಸೆಟ್ಟನ್ನು ತೂರಿಸಿ ಕೆಳಕ್ಕೆ ಒತ್ತುವ ಆ ವ್ಯವಸ್ಥೆಯಲ್ಲಿ ಪಿನ್ನುಗಳು ಬೇಗ ಸಡಿಲವಾಗುತ್ತಿದ್ದವು. ಮೇಲಿನಿಂದ ನೇರವಾಗಿ ಚುಚ್ಚುವ ಜಪಾನಿನ ಪೆಟ್ಟಿಗೆಯೇ ಈ ವಿಷಯದಲ್ಲಿ ಗಟ್ಟಿ.

ಆಕಾರದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾಣದ ವ್ಯತ್ಯಾಸ ಟಿ.ವಿ.ಯದು. ಜಪಾನ್ ಮತ್ತು ಅಮೆರಿಕದ ಹಳೆಯ ಟಿ.ವಿ. ಪದ್ಧತಿ ಎನ್‌ಟಿಎಸ್‌ಸಿ, ಅದರಲ್ಲಿ 525 ಗೆರೆಗಳು, ಪರದೆ ಸೆಕೆಂಡಿಗೆ ಸುಮಾರು 60 ಬಾರಿ ಬರೆಯಲ್ಪಡುತ್ತದೆ. ಯುರೋಪಿನ ಬಹುಭಾಗದಲ್ಲಿ ಮತ್ತು 1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದ ಭಾರತದಲ್ಲಿ ಇದ್ದದ್ದು ಪಾಲ್ ಪದ್ಧತಿ; 625 ಗೆರೆ, 50 ಬಾರಿ. ಅಂದಿನ ಆಟಗಳು ಗಡಿಯಾರ ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದವು. ಪರದೆ ಒಮ್ಮೆ ತುಂಬಿದರೆ ಮಾರಿಯೊ ಒಂದು ಹೆಜ್ಜೆ ಇಡುತ್ತಾನೆ. ಹಾಗಾಗಿ 60ಕ್ಕೆ ಬರೆದ ಆಟವನ್ನು 50ರಲ್ಲಿ ಓಡಿಸಿದರೆ ಎಲ್ಲವೂ ಆರನೆಯ ಒಂದು ಭಾಗದಷ್ಟು ನಿಧಾನ.

ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿಯೇ ನೋಡಬಹುದು. 'ಸೂಪರ್ ಮಾರಿಯೊ ಬ್ರದರ್ಸ್'ನ ಮೊದಲ ಹಂತದಲ್ಲಿ ಮೂಲೆಯ ಸಮಯ 400ರಿಂದ ಇಳಿಯತೊಡಗುತ್ತದೆ. ಪರದೆ 24 ಬಾರಿ ತುಂಬಿದಾಗ ಒಂದು ಅಂಕಿ ಕಡಿಮೆಯಾಗುತ್ತದೆ. 400ನ್ನು 24ರಿಂದ ಗುಣಿಸಿದರೆ 9,600. ಜಪಾನಿನಲ್ಲಿ ಅದು 160 ಸೆಕೆಂಡು. ಅದೇ ಕ್ಯಾಸೆಟ್ಟು 50ರ ಯಂತ್ರದಲ್ಲಿ 192 ಸೆಕೆಂಡು! ಕೆಲವು ಕಂಪನಿಗಳು ಯುರೋಪಿಗಾಗಿ ವೇಗವನ್ನು ತಿದ್ದಿ ಬಿಡುಗಡೆ ಮಾಡಿದವು. ಬಹಳಷ್ಟು ಮಂದಿ ಆ ಗೋಜಿಗೇ ಹೋಗಲಿಲ್ಲ. ಸೆಗಾ ಕಂಪನಿಯ 1991ರ 'ಸೋನಿಕ್' ಆಟ ವೇಗಕ್ಕೇ ಹೆಸರಾದದ್ದು, ಆದರೆ ಯುರೋಪಿನ ಮಕ್ಕಳ ಮನೆಯಲ್ಲಿ ಅವನ ಓಟವೂ, ಹಿನ್ನೆಲೆಯ ಸಂಗೀತವೂ ಮಂದವಾಗಿದ್ದವು. ಬೇರೆ ಬಗೆಯನ್ನು ಕಂಡಿರದ ಆ ಮಕ್ಕಳಿಗೆ ಅದು ತಿಳಿಯಲೂ ಇಲ್ಲ.

ನಮ್ಮ ಊರುಗಳಲ್ಲಿಯೂ ಅದೇ ಆಯಿತು. 1990ರ ದಶಕದಲ್ಲಿ ಕರ್ನಾಟಕದ ಪೇಟೆಗಳಲ್ಲಿ 'ಟಿ.ವಿ. ಗೇಮ್' ಎಂದು ಮಾರಾಟವಾದ ಅಗ್ಗದ ಪೆಟ್ಟಿಗೆಗಳು ಬಹುಪಾಲು ಫ್ಯಾಮಿಕಾಮಿನ ನಕಲುಗಳು. ಅವುಗಳ ಕ್ಯಾಸೆಟ್ಟಿಗೆ ಜಪಾನಿನ 60 ಪಿನ್ನು, ಟಿ.ವಿ.ಗೆ ಕಳಿಸುವ ಚಿತ್ರ ಮಾತ್ರ ನಮ್ಮ ಪಾಲ್. ಬೇಸಿಗೆ ರಜೆಯಲ್ಲಿ ಇಲ್ಲಿ ಓಡಿದ ಮಾರಿಯೊ ಜಪಾನಿನ ಮಾರಿಯೊಗಿಂತ ಸೋಮಾರಿ. ಅಂದು ಆಡಿದ ಹುಡುಗರು ಇಂದು ತಂದೆ ತಾಯಿಗಳಾಗಿ ಅಕಿಹಬಾರದ ಅಂಗಡಿಯಲ್ಲಿ ಕೋಲು ಹಿಡಿದರೆ, ಕೈ ನೆನಪಿಟ್ಟ ಜಿಗಿತವೆಲ್ಲ ತಪ್ಪಿ ಗುಂಡಿಗೆ ಬೀಳುವುದರಲ್ಲಿ ಅಚ್ಚರಿಯಿಲ್ಲ.

ಹಾಗಾದರೆ ಜಪಾನಿನದೇ ಸರಿ ಎನ್ನುವಷ್ಟರಲ್ಲಿ ಇನ್ನೊಂದು ತೊಡಕು. ಅಂಗಡಿಯಲ್ಲಿ ನಿಂತ ಅಪ್ಪ ಮಗಳ ನಡುವೆ ಇಂಥ ಮಾತು ಬರದೇ ಇರಲಾರದು:

"ಅಪ್ಪಾ, ಇದೆಲ್ಲ ಜಪಾನಿ ಭಾಷೇಲಿ ಇರುತ್ತಲ್ಲ?"

"ಮಾರಿಯೊ ಆಡೋಕೆ ಓದೋದು ಏನಿದೆಯೇ? ಓಡೋದು, ಹಾರೋದು ಅಷ್ಟೆ."

"ನಂಗೆ ಕತೆ ಇರೋ ಆಟ ಬೇಕು. ಅದ್ರಲ್ಲಿ ಪುಟಗಟ್ಟಲೆ ಮಾತಿರುತ್ತೆ."

ಮಗಳದು ನ್ಯಾಯವಾದ ಮಾತು. ಕತೆಯ ಆಟಗಳಿಗೆ ಇಂಗ್ಲಿಷ್ ರೂಪ ಬೇಕೇ ಬೇಕು. ಅಲ್ಲಿಯೂ ಗೊಂದಲಗಳುಂಟು. 'ಫೈನಲ್ ಫ್ಯಾಂಟಸಿ' ಸರಣಿಯ 4ನೆಯ ಆಟ 1991ರಲ್ಲಿ ಅಮೆರಿಕದಲ್ಲಿ 2ನೆಯದೆಂಬ ಹೆಸರಿನಲ್ಲಿ ಬಂತು, ನಡುವಿನವು ಅಲ್ಲಿಗೆ ಹೋಗಿರಲೇ ಇಲ್ಲ. 1995ರ 'ಸೈಕೆನ್ ಡೆನ್ಸೆತ್ಸು 3' ಅಧಿಕೃತವಾಗಿ ಇಂಗ್ಲಿಷಿಗೆ ಬರಲು 2019ರವರೆಗೆ ಕಾಯಬೇಕಾಯಿತು. ಯುರೋಪಿನಲ್ಲಿ 'ಕಾಂಟ್ರಾ' ಆಟದ ಸೈನಿಕರನ್ನು ತೆಗೆದು ರೋಬಾಟುಗಳನ್ನು ಹಾಕಿ 'ಪ್ರೊಬೊಟೆಕ್ಟರ್' ಎಂದು ಮಾರಿದರು.

ಆದರೂ ಜಪಾನಿ ಅಕ್ಷರ ಕಂಡು ಕನ್ನಡದ ಮಕ್ಕಳು ಪೂರಾ ಹೆದರಬೇಕಿಲ್ಲ. ಆ ಕಾಲದ ಆಟಗಳಲ್ಲಿ ಸ್ಮರಣೆಗೆ ಜಾಗ ಕಡಿಮೆ, ಚಿತ್ರದಂಥ ಸಂಕೀರ್ಣ ಅಕ್ಷರಗಳು ಪರದೆಯಲ್ಲಿ ಮೂಡುವುದೂ ಕಷ್ಟ. ಹಾಗಾಗಿ ಹೆಚ್ಚಾಗಿ ಬಳಸಿದ್ದು 'ಕಾನಾ' ಎಂಬ ಸರಳ ಲಿಪಿಯನ್ನು. ಅದರ ಕ್ರಮ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಗ್ರಂಥಗಳ ಜೊತೆ ಅತ್ತ ಹೋದ ಸಂಸ್ಕೃತದ ವರ್ಣಮಾಲೆಯ ನೆರಳು ಇದು. ನಮ್ಮ ಕಾಗುಣಿತ ಬಲ್ಲ ಮಗು ಇದನ್ನು ಕೆಲವು ವಾರಗಳಲ್ಲಿ ಓದಬಲ್ಲದು. ಅರ್ಥ ಮಾಡಿಕೊಳ್ಳುವುದು ಬೇರೆ ಮಾತು.

ಇನ್ನು ತಂದೆ ತಾಯಿಗಳು ನಿಜವಾಗಿ ಗಮನಿಸಬೇಕಾದದ್ದು ಗೋಡೆಯ ಪ್ಲಗ್ಗು. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್, ನಮ್ಮಲ್ಲಿ 230. ಜಪಾನಿನ ಅಡಾಪ್ಟರನ್ನು ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ತಾಳುವಷ್ಟಕ್ಕಿಂತ ಹೆಚ್ಚು ಕಾಂತತ್ವ ಹೊರಬೇಕಾಗಿ, ಸುರುಳಿಯಲ್ಲಿ ವಿಪರೀತ ವಿದ್ಯುತ್ ಹರಿದು ಸುಟ್ಟೇ ಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರು ಅಗತ್ಯ. ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಫ್ಯಾಮಿಕಾಮಿನ ಅಡಾಪ್ಟರು ಕೊಡುವುದು 10 ವೋಲ್ಟ್ ಡಿ.ಸಿ., ಅದೂ ನಡುವಿನ ಕಡ್ಡಿ ಋಣ. ಎನ್‌ಇಎಸ್‌ನ ಅಡಾಪ್ಟರು ಕೊಡುವುದು 9 ವೋಲ್ಟ್ ಎ.ಸಿ.; ಅದನ್ನು ಡಿ.ಸಿ. ಮಾಡುವ ಡಯೋಡುಗಳು ಆ ಪೆಟ್ಟಿಗೆಯ ಒಳಗೇ ಇವೆ, ಫ್ಯಾಮಿಕಾಮಿನಲ್ಲಿ ಇಲ್ಲ. ತುದಿಯ ಆಕಾರ ಒಂದೇ ಆದ್ದರಿಂದ ಸಲೀಸಾಗಿ ಕೂರುತ್ತದೆ. ಕೂತದ್ದೆಲ್ಲ ಹೊಂದುತ್ತದೆ ಎಂದುಕೊಂಡು ಸ್ವಿಚ್ ಒತ್ತಿದವರ ಯಂತ್ರ ಅಲ್ಲಿಗೆ ಮುಗಿಯಿತು. ಅಂದಹಾಗೆ, ಜಪಾನಿನಲ್ಲಿ ಮನೆಯ ವಿದ್ಯುತ್ತೇ ಎರಡು ಬಗೆ. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯ ಜನರೇಟರನ್ನೂ ಒಸಾಕಾದವರು ಅಮೆರಿಕದ್ದನ್ನೂ ತರಿಸಿಕೊಂಡ ಕಾರಣ, ಇಂದಿಗೂ ಪೂರ್ವದಲ್ಲಿ 50 ಹರ್ಟ್ಜ್, ಪಶ್ಚಿಮದಲ್ಲಿ 60. 2011ರ ಭೂಕಂಪದ ನಂತರ ಪೂರ್ವಕ್ಕೆ ಕತ್ತಲೆ ಕವಿದಾಗ ಪಶ್ಚಿಮದವರು ಬೇಕಾದಷ್ಟು ವಿದ್ಯುತ್ ಕಳಿಸಲಾರದೆ ಹೋದರು. ಒಂದೇ ದೇಶದೊಳಗೂ ಸೀಮೆಗಳಿವೆಯೆಂದ ಮೇಲೆ ಆಟದ ಪೆಟ್ಟಿಗೆಯನ್ನು ದೂರುವುದೇಕೆ!

ಮೊದಲ ಫ್ಯಾಮಿಕಾಮಿಗೆ ಟಿ.ವಿ.ಯ ಆಂಟೆನಾ ದಾರಿಯೊಂದೇ ಗತಿ. ಜಪಾನಿನ 1 ಅಥವಾ 2ನೆಯ ಚಾನೆಲ್ಲಿನಲ್ಲಿ ಅದರ ಚಿತ್ರ ಬರುತ್ತದೆ, ನಮ್ಮ ಟಿ.ವಿ.ಗಳಲ್ಲಿ ಅದನ್ನು ಹಿಡಿಯುವುದು ಬಲು ಕಷ್ಟ. 1993ರ ಕೊನೆಗೆ ಬಂದ ಪರಿಷ್ಕೃತ ಪೆಟ್ಟಿಗೆಯಲ್ಲಿ ಎ.ವಿ. ತಂತಿಯ ವ್ಯವಸ್ಥೆಯಿದೆ, ಕೋಲುಗಳನ್ನೂ ಬಿಚ್ಚಬಹುದು. ಫ್ಯಾಮಿಕಾಮ್ ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು. ಹಳೆಯದರ ಎರಡನೆಯ ಕೋಲಿನಲ್ಲಿ ಪುಟ್ಟ ಮೈಕು ಇತ್ತು, ಹೊಸದರಲ್ಲಿ ಅದಿಲ್ಲ. ಆ ನಷ್ಟವನ್ನು ಸಹಿಸಬಹುದು.

ಮುಂದಿನ ಪೀಳಿಗೆಯ 'ಸೂಪರ್ ಫ್ಯಾಮಿಕಾಮ್' (1990) ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಜಪಾನಿನದೂ ಯುರೋಪಿನದೂ ದುಂಡು ಮೂಲೆಯ, ನಾಲ್ಕು ಬಣ್ಣದ ಗುಂಡಿಗಳ ಚೆಲುವಾದ ಪೆಟ್ಟಿಗೆ. ಅಮೆರಿಕದ್ದು ಚೌಕಾಕಾರ, ನೇರಳೆ ಗುಂಡಿ, ಅಂದ ಕಡಿಮೆಯೇ. ತಮಾಷೆಯೆಂದರೆ ನೋಡಲು ಬೇರೆಯಾದ ಜಪಾನ್ ಮತ್ತು ಅಮೆರಿಕದ ಯಂತ್ರಗಳ ಕಾವಲು ಚಿಪ್ಪು ಒಂದೇ. ಅಮೆರಿಕದ ಪೆಟ್ಟಿಗೆಯೊಳಗಿನ ಎರಡು ಪ್ಲಾಸ್ಟಿಕ್ ತುಣುಕುಗಳನ್ನು ಕತ್ತರಿಸಿದರೆ ಜಪಾನಿನ ಕ್ಯಾಸೆಟ್ಟು ಅಲ್ಲಿ ಓಡುತ್ತದೆ. ಅವಳಿಗಳಂತೆ ಕಾಣುವ ಜಪಾನ್, ಯುರೋಪಿನವು ಮಾತ್ರ ಚಿಪ್ಪು ಬೇರೆಯಾದ್ದರಿಂದ ಒಂದನ್ನೊಂದು ಒಪ್ಪವು.

ಒಟ್ಟಿನಲ್ಲಿ ಓಡುವ, ಹಾರುವ, ಗುಂಡು ಹೊಡೆಯುವ ಆಟಗಳಿಗೆ ಜಪಾನಿನ ಪೆಟ್ಟಿಗೆ; ಕತೆಯ ಆಟಗಳೇ ಮುಖ್ಯವಾದರೆ ಅಮೆರಿಕದ್ದು. ಯುರೋಪಿನದು ನಮ್ಮ ಪಾಲ್ ಟಿ.ವಿ.ಗೆ ಹೊಂದುತ್ತದೆಂಬ ವಾದ ಹಿಂದೆ ಸರಿಯಿತ್ತು. ಈಗಿನ ಎಲ್‌ಇಡಿ ಟಿ.ವಿ.ಗಳಲ್ಲಿ ಎ.ವಿ. ಕಿಂಡಿ ಇದ್ದರೆ ಅನೇಕವು ಎರಡೂ ಪದ್ಧತಿಗಳನ್ನು ಒಪ್ಪುವುದರಿಂದ, ದುಡ್ಡು ಕೊಟ್ಟು ನಿಧಾನವನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಮನೆಯ ಟಿ.ವಿ.ಯ ಹಿಂಬದಿಯನ್ನು ಊರಿನಿಂದ ಹೊರಡುವ ಮೊದಲೇ ನೋಡಿಕೊಳ್ಳುವುದು ಜಾಣತನ.

ಅಕಿಹಬಾರದ ಅಂಗಡಿಗಳಲ್ಲಿ 'ಜಂಕ್' ಎಂದು ಬರೆದ ಬುಟ್ಟಿಗಳಿರುತ್ತವೆ. ಅದರೊಳಗಿನ ಸಾಮಾನು ಬಲು ಅಗ್ಗ. ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ, ವಾಪಸು ತೆಗೆದುಕೊಳ್ಳುವುದೂ ಇಲ್ಲ. ಬಿಸಿಲಿಗೆ ಹಳದಿಯಾದ ಪೆಟ್ಟಿಗೆಗಳು, ತಂತಿ ಹರಿದ ಕೋಲುಗಳು, ಹಿಂಬದಿಯಲ್ಲಿ ಯಾವುದೋ ಹುಡುಗ ಪೆನ್ನಿನಿಂದ ಹೆಸರು ಬರೆದ ಕ್ಯಾಸೆಟ್ಟುಗಳು. ಆಟ ಉಳಿಸುವ ಕ್ಯಾಸೆಟ್ಟಿನೊಳಗೆ ನಾಣ್ಯದಾಕಾರದ 3 ವೋಲ್ಟಿನ ಲಿಥಿಯಂ ಬ್ಯಾಟರಿ ಇರುತ್ತದೆ. ಕೆಲವದರಲ್ಲಿ ಅದಿನ್ನೂ ಸತ್ತಿರುವುದಿಲ್ಲ. ಅಂಥದ್ದೊಂದನ್ನು ತಂದು ಹಚ್ಚಿದರೆ, ಮೂವತ್ತು ವರ್ಷದ ಹಿಂದೆ ಜಪಾನಿನ ಯಾವುದೋ ಮನೆಯ ಹುಡುಗ ಅರ್ಧಕ್ಕೆ ಬಿಟ್ಟುಹೋದ ಆಟ, ಅವನು ಕಾನಾದಲ್ಲಿ ಬರೆದ ಹೆಸರಿನ ಸಮೇತ, ಪರದೆಯ ಮೇಲೆ ಕಾದಿರುತ್ತದೆ.